ಆಟದ ಮೇಲೆ ಸೊಂಟ ಹಿಡಿದರೆ: ಬಿಸಿನೀರಿನ ಚೀಲವೋ, ಹೀಟಿಂಗ್ ಪ್ಯಾಡೋ, ಐಸ್ ಪ್ಯಾಕೋ?

ನನ್ನ ಮತ ರಬ್ಬರಿನ ಬಿಸಿನೀರಿನ ಚೀಲಕ್ಕೆ. ಕರೆಂಟಿನ ಹೀಟಿಂಗ್ ಪ್ಯಾಡ್, ಜೆಲ್ ಐಸ್ ಪ್ಯಾಕ್, ಸೊಂಟದ ಬೆಲ್ಟ್, ಮುಲಾಮು, ಮಾತ್ರೆ ಎಲ್ಲವನ್ನೂ ಬಳಸಿ ನೋಡಿದ ಮೇಲೂ ಅದೇ ಮುಂದಿದೆ. ಓಡಿಯೋ, ಭಾರ ಎತ್ತಿಯೋ, ಶಟಲ್ ಆಡಿಯೋ ಸೊಂಟದ ಕೆಳಭಾಗ ಫಕ್ಕನೆ ಹಿಡಿದುಕೊಂಡು, ಬಗ್ಗಲೂ ಏಳಲೂ ಆಗದಂತೆ ಮಾಡುತ್ತದಲ್ಲ, ಆ ನೋವಿಗಷ್ಟೇ ಈ ಮಾತು. ಬಿದ್ದು ಪೆಟ್ಟಾಗಿದ್ದರೆ ಲೆಕ್ಕವೇ ಬೇರೆ, ನೇರ ವೈದ್ಯರ ಬಳಿ ಹೋಗಿ.

ಆಟಗಾರರು ಮೊದಲು ಹುಡುಕುವುದು ಐಸ್. ವಿಶ್ರಾಂತಿ, ಐಸ್, ಒತ್ತುಕಟ್ಟು, ಎತ್ತರದಲ್ಲಿಡುವುದು ಎಂಬ 'ರೈಸ್' ಸೂತ್ರವನ್ನು 1978ರಲ್ಲಿ ಕೊಟ್ಟವರು ಅಮೆರಿಕದ ಕ್ರೀಡಾವೈದ್ಯ ಡಾ. ಗೇಬ್ ಮಿರ್ಕಿನ್. ಐಸ್ ಮತ್ತು ಪೂರ್ಣ ವಿಶ್ರಾಂತಿಯಿಂದ ಗುಣವಾಗುವುದು ತಡವಾಗಬಹುದು ಎಂದು ಮುಂದೆ ಅವರೇ ನಿಲುವು ಬದಲಿಸಿದರು. ಉಳುಕಿದ ಪಾದದಲ್ಲಿ ಕಣ್ಣಿಗೆ ಕಾಣುವ ಊತವಿರುತ್ತದೆ, ಅಲ್ಲಿ ಐಸ್‌ಗೆ ಕೆಲಸವಿದೆ. ಸೊಂಟ ಹಿಡಿದಾಗ ಕಾಡುವುದು ಊತಕ್ಕಿಂತ ಬಿಗಿತ. ಬಿಗಿದ ಸ್ನಾಯುವಿನ ಮೇಲೆ ತಣ್ಣನೆಯದನ್ನು ಇಟ್ಟರೆ ಹಲವರಿಗೆ ಮೈ ಇನ್ನಷ್ಟು ಸೆಟೆಯುತ್ತದೆ. ಐಸ್‌ನಿಂದಲೇ ನಿಮಗೆ ಹಿತವಾಗುತ್ತದೆ ಎಂದಾದರೆ ಬಟ್ಟೆ ಸುತ್ತಿ, 10–15 ನಿಮಿಷ ಇಡಿ. ಬರೀ ಚರ್ಮಕ್ಕೆ ತಾಗಿಸಿದರೆ ಹಿಮಗಾಯವಾಗುತ್ತದೆ.

ಶಾಖವೂ ಮೂಳೆಯವರೆಗೆ ಇಳಿಯುವುದಿಲ್ಲ. ಆದರೆ ಚರ್ಮದ ನರಗಳಿಗೆ ಕಾವು ತಾಗಿದಾಗ ನೋವಿನ ಅರಿವು ತಗ್ಗುತ್ತದೆ, ಬಿಗಿತ ಸಡಿಲವಾಗುತ್ತದೆ, ಎದ್ದು ನಾಲ್ಕು ಹೆಜ್ಜೆ ಹಾಕುವ ಧೈರ್ಯ ಬರುತ್ತದೆ. ಹೊಸದಾಗಿ ಬಂದ ಸೊಂಟನೋವಿಗೆ ಔಷಧಿಗಿಂತ ಮೊದಲು ಮಾಡಿ ನೋಡಬೇಕಾದವುಗಳ ಸಾಲಿನಲ್ಲಿ ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನ 2017ರ ಮಾರ್ಗಸೂಚಿ ಶಾಖವನ್ನು ಸೇರಿಸಿದೆ.

ಹಾಗಾದರೆ ಪ್ಯಾಡ್ ಯಾಕೆ ಬೇಡ? ಕಾವು ಒಂದೇ ಸಮ, ನೀರು ಕಾಯಿಸುವ ಗೋಜಿಲ್ಲ, ನಿಜ. ಸಮಸ್ಯೆ ಇರುವುದೂ ಅಲ್ಲೇ. ಅದು ಆರುವುದಿಲ್ಲ, ನಾವು ಏಳುವುದಿಲ್ಲ. ವೈರು ಮಂಚದ ಪಕ್ಕದ ಪ್ಲಗ್ಗಿಗೆ ಕಟ್ಟಿಹಾಕುತ್ತದೆ, ಹಿತವೆನಿಸಿ ಗಂಟೆಗಟ್ಟಲೆ ಮಲಗಿಬಿಡುತ್ತೇವೆ, ಎದ್ದಾಗ ಸೊಂಟ ಮೊದಲಿಗಿಂತ ಮರಗಟ್ಟಿರುತ್ತದೆ. ತಾನಾಗಿ ಆರಿಹೋಗುವ ಟೈಮರ್ ಇಲ್ಲದ ಪ್ಯಾಡನ್ನಂತೂ ಕೊಳ್ಳಲೇಬೇಡಿ. ಅದರ ಮೇಲೆ ನಿದ್ದೆ ಹೋಗಿ ಚರ್ಮ ಸುಟ್ಟುಕೊಳ್ಳುವವರಿದ್ದಾರೆ. ದಿನಗಟ್ಟಲೆ ಅದೇ ಜಾಗಕ್ಕೆ ಕಾವು ಕೊಟ್ಟರೆ ಬಲೆಯಂತೆ ಕಂದು ಕಲೆ ಮೂಡುತ್ತದೆ. ರಬ್ಬರ್ ಚೀಲ ತಾನಾಗಿ ತಣಿಯುತ್ತದೆ. ತಣಿದ ಚೀಲವನ್ನು ತುಂಬಿಸಿಕೊಳ್ಳಲಾದರೂ ಏಳಲೇಬೇಕು, ಸೊಂಟಕ್ಕೆ ಬೇಕಾದದ್ದೂ ಅದೇ.

ಚೀಲದ ದೊಡ್ಡ ಕಿರಿಕಿರಿ ಎಂದರೆ ಅದನ್ನು ಸೊಂಟದ ಮೇಲೆ ಕೂರಿಸುವುದು. ಹೊಟ್ಟೆಯ ಮೇಲೆ ಇಟ್ಟಷ್ಟು ಸಲೀಸಲ್ಲ. ಹೆಚ್ಚಿನವರು ಚೀಲವನ್ನು ಹಾಸಿಗೆಯ ಮೇಲಿಟ್ಟು ಅದರ ಮೇಲೆ ಮಲಗುತ್ತಾರೆ. ಇದು ತಪ್ಪು. ಮೈಭಾರಕ್ಕೆ ಬಿರಡೆಯ ಸಂದಿಯಿಂದ ನೀರು ಜಿನುಗುತ್ತದೆ, ಹಳೆಯ ರಬ್ಬರಾದರೆ ಬಿರಿಯಲೂಬಹುದು. ಜೊತೆಗೆ ಒತ್ತಿದ ಜಾಗದಲ್ಲಿ ರಕ್ತ ಸರಿಯಾಗಿ ಓಡಾಡದೆ ಬಿಸಿ ಅಲ್ಲೇ ನಿಂತು ಚರ್ಮ ಬೇಗ ಸುಡುತ್ತದೆ.

ಬೋರಲು ಮಲಗಲಾದರೆ ಹೊಟ್ಟೆಯಡಿ ತೆಳು ದಿಂಬಿಟ್ಟು, ಚೀಲವನ್ನು ಬೇರೆಯವರ ಕೈಯಿಂದ ಮೇಲೆ ಇಡಿಸಿಕೊಳ್ಳಿ. ಆಗದಿದ್ದರೆ ಮಗ್ಗುಲಾಗಿ ಮಲಗಿ, ಮೊಣಕಾಲುಗಳ ನಡುವೆ ದಿಂಬು ಸಿಕ್ಕಿಸಿ, ಚೀಲವನ್ನು ಬೆನ್ನಿಗೆ ಆನಿಸಿ ಉದ್ದನೆಯ ಟವೆಲಿನಿಂದ ಸಡಿಲವಾಗಿ ಸುತ್ತಿಕೊಳ್ಳಿ. ಇಷ್ಟಾದರೂ ಜಾರುತ್ತಿದ್ದರೆ ನೀರು ಹೆಚ್ಚಾಗಿದೆ ಎಂದರ್ಥ. ಮೂರರಲ್ಲಿ ಎರಡು ಭಾಗ ತುಂಬಿಸುವುದು ವಾಡಿಕೆ, ಸೊಂಟಕ್ಕೆ ಅರ್ಧ ಸಾಕು. ಬಾಯಿ ಮೇಲೆ ಮಾಡಿ ಹಿಡಿದು, ನೀರು ಕುತ್ತಿಗೆಯವರೆಗೆ ಏರುವಂತೆ ಮೆಲ್ಲಗೆ ಅದುಮಿ ಗಾಳಿ ಹೊರಹಾಕಿ, ಆಮೇಲೆ ಬಿರಡೆ ಬಿಗಿಯಿರಿ. ಗಾಳಿ ಉಳಿದರೆ ಚೀಲ ಬಲೂನಿನಂತೆ ಉಬ್ಬಿ ಸೊಂಟದ ಬಾಗಿಗೆ ಹೊಂದುವುದೇ ಇಲ್ಲ. ಕುದಿಯುವ ನೀರು ಬೇಡ. ಒಲೆಯಿಂದ ಇಳಿಸಿದ ನೀರಿಗೆ ತಣ್ಣೀರು ಬೆರೆಸಿ. ತಲೆಕೆಳಗು ಮಾಡಿ ಸೋರುತ್ತಿಲ್ಲವೆಂದು ನೋಡಿ, ಎರಡು ಮಡಿಕೆ ಬಟ್ಟೆ ಸುತ್ತಿ.

ಒಂದು ಸಲಕ್ಕೆ 15–20 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಪ್ರತಿ ಸಲವೂ ಮುಗಿದ ಕೂಡಲೇ ಐದು ಹತ್ತು ನಿಮಿಷ ಮನೆಯೊಳಗೇ ನಡೆಯಿರಿ. ಅಂಗಾತದಿಂದ ನೆಟ್ಟಗೆ ಏಳಬೇಡಿ: ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಿ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಮಂದವಾಗಿದ್ದರೆ ಶಾಖವೇ ಬೇಡ.

ಮುಲಾಮು ಹಚ್ಚಿದ ಮೇಲೆ ಶಾಖ ಕೊಡಬೇಡಿ, ಸುಡುತ್ತದೆ. ಬೆಲ್ಟ್ ಬೇಡ, ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2016ರ ಮಾರ್ಗಸೂಚಿಯೂ ಅದನ್ನು ಒಪ್ಪುವುದಿಲ್ಲ.

ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಒಂದನ್ನೇ ನಂಬಿದರೆ ಈ ನೋವಿಗೆ ಪ್ರಯೋಜನ ಕಾಣುವುದಿಲ್ಲ. 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ದೊಡ್ಡ ಪ್ರಯೋಗದಲ್ಲಿ ಅದಕ್ಕೂ ಔಷಧಿಯೇ ಇಲ್ಲದ ಹುಸಿಮಾತ್ರೆಗೂ ಚೇತರಿಕೆಯಲ್ಲಿ ವ್ಯತ್ಯಾಸ ಸಿಗಲಿಲ್ಲ. ಐಬುಪ್ರೊಫೇನ್ ಸ್ವಲ್ಪ ಮೇಲು. ಊಟದ ಮೇಲೆಯೇ ತೆಗೆದುಕೊಳ್ಳಬೇಕು. ದೂರ ಓಡಿ ಬೆವರಿ ಬಂದ ಕೂಡಲೇ ನುಂಗುವುದು ಮೂತ್ರಪಿಂಡಕ್ಕೆ ಅಪಾಯ, ಮೊದಲು ಚೆನ್ನಾಗಿ ನೀರು ಕುಡಿಯಿರಿ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು, ರಕ್ತ ತೆಳುವಾಗುವ ಔಷಧಿಯಲ್ಲಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ತೊಡೆಸಂದಿ ಅಥವಾ ಗುದದ ಸುತ್ತ ಜೋಮು, ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ಕಾಲಿನ ಬಲ ಕುಂದುವುದು, ಜ್ವರ, ಕಡುಕಂದು ಮೂತ್ರ — ಇವುಗಳಲ್ಲಿ ಒಂದಿದ್ದರೂ ಚೀಲ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ. ಹದಿವಯಸ್ಸಿನ ವೇಗದ ಬೌಲರ್‌ಗಳಿಗೆ, ಜಿಮ್ನಾಸ್ಟ್‌ಗಳಿಗೆ ಹಿಂದಕ್ಕೆ ಬಾಗಿದಾಗ ಕುಟ್ಟುವ ನೋವು ಎರಡು ವಾರ ದಾಟಿದರೆ ಬೆನ್ನುಮೂಳೆಯಲ್ಲಿ ಬಿರುಕು ಇದೆಯೇ ಎಂದು ತೋರಿಸಲೇಬೇಕು.

ಪ್ಯಾಡ್ ನಿಜವಾಗಿ ಗೆಲ್ಲುವುದು ಒಂದೇ ಕಡೆ: ಮನೆಯಲ್ಲಿ ಒಬ್ಬರೇ ಇದ್ದು, ನೆಟ್ಟಗೆ ನಿಲ್ಲಲೂ ಆಗದಂಥ ಮೊದಲ ದಿನ. ಆಗ ಬಿಸಿನೀರಿನ ಪಾತ್ರೆ ಎತ್ತುವುದೇ ಅಪಾಯ. ಟೈಮರ್ ಇರುವ ಪ್ಯಾಡನ್ನು 20 ನಿಮಿಷಕ್ಕೆ ಹಾಕಿ, ಆರಿದೊಡನೆ ಏಳಿ. ಮರುದಿನದಿಂದ ಕೆಟಲ್ಲನ್ನು ಸೊಂಟದೆತ್ತರದ ಕಟ್ಟೆಯ ಮೇಲಿಟ್ಟುಕೊಂಡರೆ, ಬಗ್ಗದೆಯೇ ಚೀಲ ತುಂಬಿಸಿಕೊಳ್ಳಬಹುದು.