ಡೇಟಾಬೇಸ್ ಟೂಲ್ ಬರೆಯೋಕೆ ಕ್ಯೂಟಿ ಹೇಗಿದೆ?

ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುವ ಡೇಟಾಬೇಸ್ ಟೂಲ್ ಒಂದನ್ನು ಮಾಡಬೇಕಿತ್ತು. ಇಂಥ ಆ್ಯಪ್ ಕಟ್ಟೋಕೆ ಸಿದ್ಧ ಕೋಡ್ ಕೊಡುವ ಫ್ರೇಮ್‌ವರ್ಕ್‌ಗಳಲ್ಲಿ ಎಲೆಕ್ಟ್ರಾನ್, ಡಬ್ಲ್ಯೂಎಕ್ಸ್‌ವಿಜೆಟ್ಸ್ ಎರಡನ್ನೂ ನೋಡಿ ಕೊನೆಗೆ ಕ್ಯೂಟಿ (Qt) 6 ಹಿಡಿದೆ. ಎಲೆಕ್ಟ್ರಾನ್ ಆ್ಯಪ್ ಅಂದರೆ ಜೊತೆಗೆ ಇಡೀ ಕ್ರೋಮಿಯಂ ಬ್ರೌಸರ್ ಬರುತ್ತದೆ, ಅಷ್ಟು ಭಾರ ನನಗೆ ಬೇಡವಾಗಿತ್ತು.

ಇಂಥ ಆ್ಯಪ್‌ಗೆ ಜೀವ ಇರೋದೇ ಟೇಬಲ್‌ನಲ್ಲಿ ಅಲ್ವಾ? ಅಲ್ಲೇ ಕ್ಯೂಟಿ ನನ್ನ ಮನಸ್ಸು ಗೆದ್ದಿತು. ಅದರಲ್ಲಿ ಟೇಬಲ್ ತೋರಿಸುವ ಕ್ಯೂಟೇಬಲ್‌ವ್ಯೂ ಡೇಟಾವನ್ನು ತಾನು ಇಟ್ಟುಕೊಳ್ಳುವುದಿಲ್ಲ, ಪರದೆ ಮೇಲೆ ಬರೆಯಬೇಕಾದ್ದನ್ನು ಬೇಕಾದಾಗ ಮಾಡೆಲ್‌ನಿಂದ (ಡೇಟಾ ಒದಗಿಸುವ ಭಾಗ) ಕೇಳಿ ಪಡೆಯುತ್ತದೆ, ಹಾಗಾಗಿ ಒಂದು ಲಕ್ಷ ಸಾಲು ತುಂಬಿಸಿದರೂ ಸ್ಕ್ರಾಲ್ ತಡವರಿಸಲಿಲ್ಲ. ಊರುಗಳ ಹೆಸರಿನ ಕಾಲಂ ಹಾಕಿ ನೋಡಿದೆ. ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ಚಿಕ್ಕಬಳ್ಳಾಪುರ. ಒಂದು ಒತ್ತಕ್ಷರವೂ ಒಡೆಯಲಿಲ್ಲ, ತುಂಬಾ ಖುಷಿಯಾಯಿತು.

ಎಸ್‌ಕ್ಯೂಲೈಟ್ (ಒಂದೇ ಫೈಲ್‌ನಲ್ಲಿರುವ ಪುಟ್ಟ ಡೇಟಾಬೇಸ್) ಟೇಬಲ್ ತೆರೆದಾಗ ಸಾಲುಗಳ ಲೆಕ್ಕ 256 ಅಂತ ಕಂಡರೆ ಗಾಬರಿಯಾಗಬೇಡಿ. ಡೇಟಾ ಎಲ್ಲೂ ಹೋಗಿರುವುದಿಲ್ಲ, ಮಾಡೆಲ್ ಸಾಲುಗಳನ್ನು ಸ್ವಲ್ಪ ಸ್ವಲ್ಪವೇ ತರುತ್ತದೆ, ಮಿಕ್ಕಿದ್ದಕ್ಕೆ ಫೆಚ್‌ಮೋರ್ (fetchMore) ಎಂಬ ಫಂಕ್ಷನ್ ಕರೆಯಬೇಕು. ದೊಡ್ಡ ಕ್ವೆರಿಗಳನ್ನು (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳು) ಬೇರೆ ಥ್ರೆಡ್‌ನಲ್ಲಿ, ಅಂದರೆ ಪಕ್ಕದಲ್ಲೇ ಓಡುವ ಬೇರೆ ಎಳೆಯಲ್ಲಿ, ಓಡಿಸಿ, ಇಲ್ಲದಿದ್ದರೆ ಉತ್ತರ ಬರುವ ತನಕ ಕಿಟಕಿ ಸುಮ್ನೆ ನಿಂತುಬಿಡುತ್ತದೆ. ಡೇಟಾಬೇಸ್ ಕನೆಕ್ಷನ್ ಕೂಡ ಆ ಥ್ರೆಡ್‌ನಲ್ಲೇ ತೆರೆಯಿರಿ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಕ್ಯೂಟಿಯನ್ನು ಜೋಡಿಸುವ ಡ್ರೈವರ್ ಮಾತ್ರ ಸಾಮಾನ್ಯವಾಗಿ ನಾವೇ ಬಿಲ್ಡ್ ಮಾಡಿಕೊಳ್ಳಬೇಕು, ಅದಕ್ಕೆ ಜಾಸ್ತಿ ಸಮಯ ಇಟ್ಟುಕೊಳ್ಳಿ.

ದುಡ್ಡಿನ ವಿಷಯ: ಕ್ಯೂಟಿಯ ಮುಖ್ಯ ಭಾಗಗಳು ಎಲ್‌ಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸ್‌ನಲ್ಲಿ ಸಿಗುತ್ತವೆ, ಷರತ್ತು ಪಾಲಿಸಿದರೆ ಆ್ಯಪ್ ಮಾರಲೂಬಹುದು. ಕಲಿಯೋಕೆ ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್‌ನ ಸೋರ್ಸ್ ಓದಿ, ಅದೂ ಕ್ಯೂಟಿಯಲ್ಲೇ ಬರೆದದ್ದು.