ಹೊಸ ವಿಂಡೋಸ್‌ನಲ್ಲಿ ಹಳೆ ಪೇಜ್‌ಮೇಕರ್: ಮೂರು ದಾರಿ ನೋಡಿ, ಮಾರಿದ ಡಬ್ಬಿಯನ್ನೇ ವಾಪಸ್ ತಂದೆ

ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ನಾನು 1,800 ರೂಪಾಯಿಗೆ ಮಾರಿದ್ದ ಹಳೆ ವಿಂಡೋಸ್ 7 ಕಂಪ್ಯೂಟರ್ ಡಬ್ಬಿ. ಹದಿನೈದು ದಿನ ಬಿಟ್ಟು 2,500 ಕೊಟ್ಟು ಅದನ್ನೇ ಬಿಡಿಸಿಕೊಂಡು ಬಂದೆ. ಮೇಲಿನ ಏಳುನೂರು ನನ್ನ ಅವಸರದ ದಂಡ.

ಮಹಾಲಿಂಗಪುರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬೆಲ್ಲದ ವ್ಯಾಪಾರಿಗಳ ಬಿಲ್ ಬುಕ್, ಪತ್ತಿನ ಸಂಘಗಳ ವಾರ್ಷಿಕ ವರದಿ, ಜಾತ್ರೆ ಬಂದರೆ ಪೋಸ್ಟರ್. ಹದಿನಾಲ್ಕು ವರ್ಷದ ಕೆಲಸವೆಲ್ಲ ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ 7ರಲ್ಲಿ, ನುಡಿ ಎಂಬ ಕನ್ನಡ ಫಾಂಟಿನಲ್ಲಿ ಕೂತಿದೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಆಮೇಲೆ ಸಣ್ಣ ತಿದ್ದುಪಡಿ ಬಿಟ್ಟರೆ ಹೊಸ ಆವೃತ್ತಿ ಬರಲೇ ಇಲ್ಲ. ಆದರೂ ಕೈಗೆ ಹತ್ತಿದ ಕತ್ತರಿ ಬಿಡಲಾಗುವುದಿಲ್ಲ ನೋಡಿ.

ಹಳೆಯದರಲ್ಲಿ ಕ್ರೋಮ್ 109ಕ್ಕೇ ನಿಂತುಹೋಗಿತ್ತು, ಒಂದೊಂದೇ ಸೈಟು ತೆರೆಯುವುದು ಬಿಟ್ಟಿತ್ತು. ಅದರ ಪ್ರೊಸೆಸರ್ ಎರಡನೇ ತಲೆಮಾರಿನದು. ವಿಂಡೋಸ್ 11 ಕೇಳುವುದು ಎಂಟನೇ ತಲೆಮಾರು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್. ಅದನ್ನೇ ಮೇಲೇರಿಸುವ ಮಾತೇ ಇರಲಿಲ್ಲ. ಹೊಸದನ್ನು ತಂದೆ, ಹಳೆಯದನ್ನು ಅಂಗಡಿಯವನಿಗೇ ಕೊಟ್ಟೆ.

ಮೊದಲ ದಾರಿ, ಹೊಸದರಲ್ಲೇ ನೇರವಾಗಿ ಪೇಜ್‌ಮೇಕರ್ ಹಾಕುವುದು. ಹಾಕಿದೆ. ಕಂಪ್ಯಾಟಿಬಿಲಿಟಿಯಲ್ಲಿ ಎಕ್ಸ್‌ಪಿ ಆರಿಸಿ, ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ಗೆ ಟಿಕ್ ಕೊಟ್ಟೆ. ಹಳೆ ಫೈಲು ತೆರೆದವು, ಪ್ರಿಂಟೂ ಬಂತು. ಅರ್ಧ ದಿನ ಖುಷಿಯಲ್ಲಿದ್ದೆ. ಸಂಜೆ ಮುಧೋಳ ಕಡೆಯ ಹಿರಿಯರೊಬ್ಬರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದು ಪಕ್ಕದಲ್ಲೇ ಕುರ್ಚಿ ಎಳೆದು ಕೂತರು. ಟೈಪ್ ಮಾಡುತ್ತಾ ಹೋದೆ. ಅವರು ಕನ್ನಡಕ ಸರಿಮಾಡಿಕೊಂಡು, “ತಮ್ಮಾ, ಅಕ್ಷರಕ್ಕ ತಲೀನ ಇಲ್ಲಲ್ಲೋ? ಲಗ್ನದ ಪತ್ರಿಕಿ ಅದು” ಅಂದರು.

ನಿಜಕ್ಕೂ ತಲೆ ಇರಲಿಲ್ಲ. ನುಡಿಯ ಆಸ್ಕಿ ಫಾಂಟಿನಲ್ಲಿ ಕನ್ನಡದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿವೆ. ‘ಕ’ದ ಬುಡ ದೊಡ್ಡ ಪಿ ಮನೆಯಲ್ಲಿ, ತಲೆಕಟ್ಟು ಬೇರೆ, ಅದು ನಮ್ಮ ಕೀಬೋರ್ಡಿನಲ್ಲೇ ಇಲ್ಲದ ಜಾಗದಲ್ಲಿ. ನಾವು ಒಂದು ಕೀ ಒತ್ತಿದಾಗ ನಡುವೆ ನಿಂತು ಬುಡಕ್ಕೆ ತಲೆಕಟ್ಟು ಜೋಡಿಸಿ ಕೊಡುವುದು ನುಡಿಯ ಕೀಬೋರ್ಡ್ ತಂತ್ರಾಂಶ. ಅದು ಕೈಬಿಟ್ಟರೆ ಬರುವುದು ಬೋಳು ತುಂಡುಗಳೇ.

ವಿಚಿತ್ರವೆಂದರೆ ವರ್ಡಿನಲ್ಲಿ ಸರಿ ಬರುತ್ತಿತ್ತು, ನೋಟ್‌ಪ್ಯಾಡಿನಲ್ಲೂ ಕೀ ಸರಿಯಾಗಿ ಹಿಡಿಯುತ್ತಿತ್ತು. ಪೇಜ್‌ಮೇಕರಿಗೆ ಬಂದರೆ ಮಾತ್ರ ಬೋಳು. ನುಡಿಯನ್ನು ಎರಡು ಸಲ ತೆಗೆದು ಹಾಕಿದೆ, ಫಾಂಟುಗಳನ್ನೆಲ್ಲ ಅಳಿಸಿ ಮತ್ತೆ ತುಂಬಿದೆ, 450 ರೂಪಾಯಿಯ ಹೊಸ ಕೀಬೋರ್ಡನ್ನೂ ತಂದೆ (ಈಗ ಅದು ಮಗಳ ಪಾಲು). ಮೂರು ದಿನ ಹೋಯಿತು. ಕೊನೆಗೆ ಸಿಕ್ಕಿಬಿದ್ದದ್ದು ನಾನೇ ಕೊಟ್ಟ ಆ ಟಿಕ್. ಅಡ್ಮಿನಿಸ್ಟ್ರೇಟರ್ ಆಗಿ ಓಡುವ ಪ್ರೋಗ್ರಾಮಿಗೆ ಸಾದಾ ಪ್ರೋಗ್ರಾಮು ಕೀ ಕಳಿಸದಂತೆ ವಿಂಡೋಸ್ ತಡೆಯುತ್ತದೆ. ವಿಸ್ಟಾ ಕಾಲದಿಂದಲೂ ಇರುವ ಕಾವಲು ಇದು. ಪೇಜ್‌ಮೇಕರ್ ಸಾಹೇಬ, ನುಡಿ ಸಾದಾ ಮನುಷ್ಯ, ಬಾಗಿಲಲ್ಲೇ ತಡೆ. ಹಳೆ ವಿಂಡೋಸ್ 7ರಲ್ಲಿ ನಾನು ಯುಎಸಿಯ (ಪ್ರೋಗ್ರಾಮುಗಳಿಗೆ ಅನುಮತಿ ಕೇಳುವ ವ್ಯವಸ್ಥೆ) ಸ್ಲೈಡರ್ ಪಟ್ಟಿಯನ್ನು ಪೂರ್ತಿ ಕೆಳಗೆಳೆದಿದ್ದೆ, ಹಾಗಾಗಿ ಈ ಕಾವಲುಗಾರನ ಮುಖವನ್ನೇ ನೋಡಿರಲಿಲ್ಲ. ವಿಂಡೋಸ್ 8ರಿಂದ ಈಚೆಗೆ ಪಟ್ಟಿ ಕೆಳಗೆಳೆದರೂ ಅದು ಪೂರ್ತಿ ಹೋಗುವುದಿಲ್ಲ.

ಪರಿಹಾರ ಸುಲಭ, ನುಡಿಗೂ ಅದೇ ಟಿಕ್ ಕೊಡುವುದು. ಆದರೆ ಟಿಕ್ ಕೊಟ್ಟ ಮೇಲೆ ನುಡಿ ತೆರೆದಾಗೊಮ್ಮೆ ಅನುಮತಿ ಕೇಳುತ್ತದೆ, ಸ್ಟಾರ್ಟಪ್ ಫೋಲ್ಡರಿನಲ್ಲಿ ಇಟ್ಟರೆ ತಾನಾಗಿ ಶುರುವಾಗುವುದಿಲ್ಲ. ಅವಸರದಲ್ಲಿ ‘ನೋ’ ಒತ್ತಿದರೆ ಮುಗಿಯಿತು, ಒಳಗಿನಿಂದ ಅಂಗಡಿ ಹುಡುಗನ ದನಿ: “ಅಣ್ಣಾರ, ಮತ್ತ ತಲಿ ಹೋಗ್ಯಾವ್ರಿ!”

ಎರಡನೆಯದು ವರ್ಚುವಲ್‌ಬಾಕ್ಸ್: ಹೊಸ ಯಂತ್ರದ ಹೊಟ್ಟೆಯಲ್ಲೇ ವಿಂಡೋಸ್ 7. ನನ್ನಲ್ಲಿ ಅದರ ಮೂಲ ಡಿಸ್ಕ್ ಇತ್ತು. ನುಡಿ, ಪೇಜ್‌ಮೇಕರ್ ಎರಡೂ ಮೊದಲಿನ ಹಾಗೇ ನಡೆದವು, ತಲೆಕಟ್ಟು ಎಲ್ಲ ಸರಿ. ಆದರೆ ಕಿಟಕಿಯ ಕೆಳಮೂಲೆಯಲ್ಲಿ ಒಂದು ಹಸಿರು ಆಮೆ ಕೂತುಬಿಟ್ಟಿತು. ಚೇಷ್ಟೆಯಲ್ಲ: ವಿಂಡೋಸಿನ ಸ್ವಂತ ಹೈಪರ್‌ವೈಸರ್ (ಯಂತ್ರದೊಳಗೆ ಯಂತ್ರ ನಡೆಸುವ ಭಾಗ) ಮೊದಲೇ ಜಾಗ ಹಿಡಿದಿದ್ದರೆ ವರ್ಚುವಲ್‌ಬಾಕ್ಸ್ ತೋರಿಸುವ ಗುರುತೇ ಅದು. ಹೆಸರಿಗೆ ತಕ್ಕ ನಡೆ. ಎಂಟು ಜಿಬಿ ರ‍್ಯಾಮಿನಲ್ಲಿ ಎರಡನ್ನು ಒಳಗಿನದಕ್ಕೆ ಕೊಟ್ಟಿದ್ದೆ. 64 ಪುಟದ ವರದಿ ಉರುಳಿಸುವಾಗ ಚಹಾ ಕುಡಿದು ಬರಬಹುದಿತ್ತು. ಹದಿನಾರು ಜಿಬಿ ಇದ್ದವರು, ಮೇಜಿನ ಮೇಲೆ ಒಂದೇ ಯಂತ್ರ ಸಾಕು ಅನ್ನುವವರು ಇದನ್ನು ನೋಡಬಹುದು.

ಮೂರನೆಯದು ಯೂನಿಕೋಡ್, ಅಂದರೆ ಕನ್ನಡ ಅಕ್ಷರಗಳಿಗೆ ಸ್ವಂತ ಮನೆ ಇರುವ ಪದ್ಧತಿ. ಗಿರಾಕಿಗಳು ಮ್ಯಾಟರ್ ಕಳಿಸುವುದು ಈಗ ವಾಟ್ಸಾಪಿನಲ್ಲಿ, ಅದು ಯೂನಿಕೋಡೇ. ಪೇಜ್‌ಮೇಕರಿಗೆ ಅಂಟಿಸಿದರೆ ಸಾಲುಗಟ್ಟಲೆ ಪ್ರಶ್ನಾರ್ಥಕ ಚಿಹ್ನೆ, ಪುಟ ಜೋಡಿಸುವ ಉಚಿತ ತಂತ್ರಾಂಶ ಸ್ಕ್ರೈಬಸ್‌ನ ಈಚಿನ ಆವೃತ್ತಿಯಲ್ಲಿ ಅಂಟಿಸಿದರೆ ಒತ್ತಕ್ಷರ ಸಮೇತ ಸರಿ ಬರುತ್ತದೆ. ಹೊಸದಾಗಿ ಅಂಗಡಿ ಇಡುವವರು ಕಣ್ಣು ಮುಚ್ಚಿ ಇದನ್ನೇ ಹಿಡಿಯಿರಿ. ನನಗೆ ಅಡ್ಡ ಬಂದದ್ದು ಹಳೆ ಫೈಲುಗಳು. ಸಂಘದ ವರದಿಯ ಪಠ್ಯವನ್ನು ನುಡಿಯಿಂದ ಯೂನಿಕೋಡಿಗೆ ಬದಲಿಸುವ ಕನ್ವರ್ಟರಿಗೆ ಹಾಕಿದೆ. ಕನ್ನಡ ಚೆನ್ನಾಗಿಯೇ ಬದಲಾಯಿತು, ನಡುವೆ ಇಂಗ್ಲಿಷಿನಲ್ಲಿದ್ದ ಎನ್‌ಪಿಎ, ಸಿಡಿ ರೇಶಿಯೋಗಳೂ ಕನ್ನಡದ ಚೂರುಗಳಾಗಿಬಿಟ್ಟವು. ಫಾಂಟ್ ಯಾವುದೆಂದು ಬರೀ ಪಠ್ಯ ನೋಡುವ ಕನ್ವರ್ಟರಿಗೆ ಹೇಗೆ ತಿಳಿಯಬೇಕು? ಸೆಪ್ಟೆಂಬರಿನ ಸಭೆಗೆ ಮೊದಲು ಹನ್ನೊಂದು ಸಂಘಗಳ ವರದಿ ಕೊಡಬೇಕು. ಕೋಷ್ಟಕ ಕೋಷ್ಟಕ ಹುಡುಕಿ ತಿದ್ದುತ್ತಾ ಕೂರಲು ನನ್ನಿಂದಾಗದು.

ಹಾಗಾಗಿ ಹಳೆ ಡಬ್ಬಿ. ವಿಂಡೋಸ್ 7ರ ಬೆಂಬಲ 2020ರ ಜನವರಿಗೇ ಮುಗಿದಿದೆ, ಆದ್ದರಿಂದ ನೆಟ್ ಪೂರ್ತಿ ಬಂದ್: ಲ್ಯಾನ್ ತೂತಿಗೆ ಖಾಕಿ ಟೇಪು ಅಂಟಿಸಿದ್ದೇನೆ, ಹುಡುಗ ಮರೆತೂ ವೈರ್ ಚುಚ್ಚಬಾರದು. ವಾಟ್ಸಾಪಿನ ಮ್ಯಾಟರ್ ಹೊಸದರಲ್ಲಿ ನುಡಿಗೆ ಬದಲಾಗಿ, ಪೆನ್‌ಡ್ರೈವ್ ಸ್ಕ್ಯಾನ್ ಆಗಿ ಇತ್ತ ಬರುತ್ತದೆ. ದಿನಕ್ಕೆ ಇಪ್ಪತ್ತು ಸಲ ಕುರ್ಚಿ ಬದಲಿಸುವುದು ಬೇಜಾರೇ. ಬೆಳಿಗ್ಗೆ ಗುಂಡಿ ಒತ್ತಿದರೆ ನುಡಿ ತಾನಾಗಿ ಏಳುತ್ತದೆ, ಏನೂ ಕೇಳುವುದಿಲ್ಲ. ಅಷ್ಟು ಸಾಕು ನನಗೆ. ಸಿಮೋಸ್ ಸೆಲ್ ಸತ್ತು ತಾರೀಖು ಹಿಂದಕ್ಕೆ ಹೋಗಿತ್ತು, ಹೊಸ ಸೆಲ್ಲಿಗೆ 30 ರೂಪಾಯಿ. ಇಷ್ಟು ವರ್ಷದ ಹಾರ್ಡ್ ಡಿಸ್ಕನ್ನು ನಂಬಿ ಕೂರುವ ಧೈರ್ಯವಿಲ್ಲದೆ ಫೈಲುಗಳ ನಕಲು ಹೊಸದರಲ್ಲೂ ಇಟ್ಟಿದ್ದೇನೆ.

ಮುಧೋಳದ ಹಿರಿಯರ ಪತ್ರಿಕೆ ಈ ಡಬ್ಬಿಯಿಂದಲೇ ಹೊರಬಂತು. ಪ್ರೂಫ್ ಕೈಗೆ ಕೊಟ್ಟಾಗ ಅವರು ಹೆಸರುಗಳನ್ನು ಓದಲಿಲ್ಲ, ಬೆರಳಿಟ್ಟು ಸಾಲು ಸಾಲಾಗಿ ತಲೆಕಟ್ಟು ನೋಡುತ್ತಾ ಹೋದರು.