ಒಂಬತ್ತನೇ ತರಗತಿಯಲ್ಲೇ ನಾಲ್ಕು ವರ್ಷದ ಕೋಚಿಂಗ್‌ಗೆ ಸಹಿ ಹಾಕಬೇಡಿ

ಒಂದು ಕುಟುಂಬಕ್ಕೆ ಆದದ್ದು ಇದು. ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ ಕೋಚಿಂಗ್ ಸಂಸ್ಥೆಯೊಂದು 'ಸ್ಕಾಲರ್‌ಶಿಪ್ ಟೆಸ್ಟ್' ನಡೆಸಿತು. ಆಮೇಲೆ ಫೋನ್ ಬಂತು: ಅರ್ಧ ಫೀಸು ಮಾಫಿ, ಆದರೆ ಇವತ್ತು ಸಂಜೆಯೊಳಗೆ ಸೀಟು ಬ್ಲಾಕ್ ಮಾಡಬೇಕು. ಅಪ್ಪ ಅಮ್ಮ ನೀಟ್‌ವರೆಗಿನ ನಾಲ್ಕು ವರ್ಷದ ಪ್ಯಾಕೇಜ್‌ಗೆ ಒಪ್ಪಿಬಿಟ್ಟರು. ಎಸ್ಸೆಸ್ಸೆಲ್ಸಿ ಮುಗಿಯುವಷ್ಟರಲ್ಲಿ ಹುಡುಗಿಯ ಮನಸ್ಸು ಸಿಎ ಕಡೆ ತಿರುಗಿತ್ತು. ಕಾಮರ್ಸ್ ಸೇರಿದಳು. ಕೋಚಿಂಗ್ ಬಿಟ್ಟರೂ ಕಂತು ಮಾತ್ರ ತಿಂಗಳು ತಿಂಗಳು ಖಾತೆಯಿಂದ ಕಟ್ ಆಗುತ್ತಲೇ ಇತ್ತು.

ಕಾರಣ ಇಷ್ಟೇ. 'ಬಡ್ಡಿಯಿಲ್ಲದ ಇಎಂಐ' ಅಂತ ಹೇಳಿದ್ದು ಅಸಲಿಗೆ ಅಪ್ಪನ ಹೆಸರಿನಲ್ಲಿ ಫೈನಾನ್ಸ್ ಕಂಪನಿಯೊಂದು ಕೊಟ್ಟ ಸಾಲ. ಪ್ಯಾನ್, ಆಧಾರ್ ಪಡೆದು ಮೊಬೈಲಿಗೆ ಬಂದ ಓಟಿಪಿ ಕೇಳಿ ಪಡೆದಾಗಲೇ ಸಾಲದ ಕರಾರು ಆಗಿಹೋಗಿತ್ತು. ಇಂಥ ವ್ಯವಸ್ಥೆಯಲ್ಲಿ ಫೈನಾನ್ಸ್‌ನವರು ಸಂಸ್ಥೆಗೆ ಮೊದಲೇ ಹಣ ಕೊಟ್ಟಿರುತ್ತಾರೆ. ಮಗು ಕ್ಲಾಸಿಗೆ ಹೋಗುತ್ತಿದೆಯೋ ಇಲ್ಲವೋ ಅವರಿಗೆ ಬೇಕಿಲ್ಲ. ಸಿಟ್ಟಿನಲ್ಲಿ ಕಂತು ತಪ್ಪಿಸಿದರೆ ಕೆಡುವುದು ಅಪ್ಪನ ಸಿಬಿಲ್ ಸ್ಕೋರ್, ಅಂದರೆ ಸಾಲ ತೀರಿಸುವ ರೀತಿಗೆ ಸಿಗುವ ಅಂಕ. ಮುಂದೆ ಕಾಲೇಜಿಗೆಂದು ಶಿಕ್ಷಣ ಸಾಲ ಕೇಳಲು ಹೋದಾಗ ಅದೇ ಅಡ್ಡ ಬರುತ್ತದೆ.

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿದೆ. 16 ವರ್ಷ ತುಂಬದವರನ್ನು ಸೇರಿಸಿಕೊಳ್ಳುವಂತಿಲ್ಲ. ಹತ್ತನೇ ತರಗತಿಯ ಪರೀಕ್ಷೆ ಆದ ಮೇಲೆಯೇ ದಾಖಲಾತಿ. ಪೂರ್ತಿ ಫೀಸು ಕಟ್ಟಿ ಮಧ್ಯೆ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಹಿಂತಿರುಗಿಸಬೇಕು. ಇದನ್ನು ಜಾರಿಗೆ ತರುವ ಹೊಣೆ ರಾಜ್ಯಗಳದ್ದು. ಹಾಗಿದ್ದರೂ ದೂರಿನಲ್ಲಿ ಇದನ್ನು ಉಲ್ಲೇಖಿಸಿದರೆ ನಿಮ್ಮ ವಾದಕ್ಕೆ ಆಧಾರ ಸಿಗುತ್ತದೆ.

ಅಷ್ಟು ಬೇಗ ದಾರಿ ನಿಗದಿ ಮಾಡುವ ಅಗತ್ಯವಾದರೂ ಏನು? ಒಂಬತ್ತು, ಹತ್ತರಲ್ಲಿ ಎಲ್ಲರ ಪಾಠವೂ ಹೆಚ್ಚುಕಡಿಮೆ ಒಂದೇ. ನಿಜವಾದ ಕವಲು ಬರುವುದು ಪಿಯು ಪ್ರವೇಶದಲ್ಲಿ. ಆಗಲೂ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತೆಗೆದುಕೊಂಡವರಿಗೆ ನೀಟ್, ಜೆಇಇ, ಸಿಇಟಿ ಎಲ್ಲವೂ ತೆರೆದಿರುತ್ತವೆ. ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನವಿರುವ ಪಿಸಿಎಂಸಿ ಆರಿಸಿದರೆ, ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಓದಿ ಪಾಸಾಗದ ಹೊರತು ನೀಟ್ ದಾರಿ ಮುಚ್ಚುತ್ತದೆ. ಸಿಎ ಫೌಂಡೇಶನ್‌ಗೆ ಯಾವ ವಿಭಾಗದವರೂ ಕೂರಬಹುದು. ಈ ಎರಡು ವರ್ಷದಲ್ಲಿ ಗಟ್ಟಿಯಾಗಬೇಕಾದ್ದು ಗಣಿತ. ಬೀಜಗಣಿತದಲ್ಲಿ ತಡವರಿಸುವ ಮಗುವಿಗೆ ಪಿಯು ಭೌತಶಾಸ್ತ್ರದ ಲೆಕ್ಕವೂ ಕೈಗೆ ಹತ್ತುವುದಿಲ್ಲ. ಅದಕ್ಕೆ ಶಾಲೆಯ ಪಠ್ಯಪುಸ್ತಕದ ಅಭ್ಯಾಸಗಳನ್ನು ತಾನೇ ಬಿಡಿಸುವ ರೂಢಿ ಸಾಕು.

ಈಗಾಗಲೇ ಸಹಿ ಹಾಕಿದ್ದರೆ ಮೊದಲು ಸಾಲದ ಕರಾರಿನ ಪ್ರತಿ ತರಿಸಿಕೊಳ್ಳಿ. ಫೋನಿನಲ್ಲಿ 'ಆಯ್ತು, ಕ್ಯಾನ್ಸಲ್ ಮಾಡ್ತೀವಿ' ಅಂದದ್ದನ್ನು ನಂಬಿ ಕೂರಬೇಡಿ. ಕೋರ್ಸ್ ಬಿಡುತ್ತಿರುವ ದಿನಾಂಕ ನಮೂದಿಸಿ ಸಂಸ್ಥೆಗೂ ಫೈನಾನ್ಸ್ ಕಂಪನಿಗೂ ಒಂದೇ ದಿನ ಇಮೇಲ್ ಕಳಿಸಿ. ಸಾಲ ಮುಚ್ಚಿದ ಪತ್ರ ಕೈಸೇರುವ ತನಕ ಕಂತು ನಿಲ್ಲಿಸಬೇಡಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ರಸೀದಿಗಳನ್ನೂ ಆ ಇಮೇಲ್‌ಗಳನ್ನೂ ಜೊತೆಗಿಡಿ.